ಕೈ ಮಾತಾಡಿದರೆ ಅಂಕ ಕಡಿತ

ನೌಕರಿಗೆ ಜನರನ್ನು ಆರಿಸುವ ಕೆಲಸವನ್ನು ಮನುಷ್ಯರಿಂದ ಕಿತ್ತು ಒಂದು ಕುರ್ಚಿಗೆ ಒಪ್ಪಿಸಿದಾಗ ಜನ ಬೇಸರಪಡಲಿಲ್ಲ, ಪಟಾಕಿ ಹಚ್ಚಿದರು. ಈಗ ಕೇಳಿದರೆ ಯಾರೂ ಒಪ್ಪಿಕೊಳ್ಳುವುದಿಲ್ಲ, ಆದರೆ ಅದು ನಿಜ. ಕುರ್ಚಿಗೆ ಜಾತಿಯಿಲ್ಲ, ಬೀಗರಿಲ್ಲ, ದೊಡ್ಡವರು ಕಳಿಸಿದ ಚೀಟಿ ಓದಲು ಬರುವುದಿಲ್ಲ. ಇದಕ್ಕಿಂತ ನ್ಯಾಯ ಇನ್ನೆಲ್ಲಿ ಸಿಕ್ಕೀತು ಎಂದರು.

ಅದರ ಹೆಸರು ಅಂಗಸಾಕ್ಷಿ. ಬಾಯಿ ಸುಳ್ಳು ಹೇಳಬಹುದು, ಮೈ ಹೇಳುವುದಿಲ್ಲ ಎಂದು ಅದರ ಬೆನ್ನ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ಬರೆದಿತ್ತು. ಆಸನದ ಒಳಗೆ ಭಾರವನ್ನು ಗ್ರಹಿಸುವ ಹಾಳೆ, ತೋಳುಗಳ ಮೇಲೆ ಬೆವರು ಅಳೆಯುವ ತಗಡು, ಎದುರಿಗೆ ಕ್ಯಾಮೆರಾಗಳು. ಅಭ್ಯರ್ಥಿ ಕೂತ ಕೂಡಲೇ ಗೋಡೆಯ ಪರದೆಯ ಮೇಲೆ ನೂರು ಎಂದು ಮೂಡುತ್ತಿತ್ತು. ಅಲ್ಲಿಂದ ಮುಂದೆ ಇಳಿಯುವುದೊಂದೇ ದಾರಿ. ಕಾಲು ಅಲ್ಲಾಡಿತೋ, ಕಡಿತ. ಮೂಗು ಮುಟ್ಟಿಕೊಂಡಿರೋ, ಕಡಿತ. ಕಣ್ಣು ಕೆಳಗೆ ಹೋದರೆ ಅಂಜುಬುರುಕ, ಮೇಲೆ ಹೋದರೆ ಸುಳ್ಳುಗಾರ, ಎದುರಿನವರ ಮೇಲೆಯೇ ನೆಟ್ಟರೆ ಉದ್ಧಟ. ಎಪ್ಪತ್ತರ ಕೆಳಗೆ ಇಳಿದವರಿಗೆ ಬಾಗಿಲು ತೋರಿಸುತ್ತಿದ್ದರು. ಎಲ್ಲ ಪಾರದರ್ಶಕವಾಗಿರಲಿ ಎಂದು ಅದೇ ಅಂಕಿಯನ್ನು ಹೊರಗಿನ ಹಾಲ್‌ನಲ್ಲಿ ಕಾಯುವವರಿಗೂ ಪರದೆ ಹಾಕಿ ತೋರಿಸುತ್ತಿದ್ದರು.

ತುಂಗಭದ್ರೆಯ ದಂಡೆಯ ಅತ್ತಿಹಾಳಕ್ಕೆ ಕುರ್ಚಿ ಬಂದ ಮೇಲೆ ಊರಿನ ನಡಿಗೆಯೇ ಬದಲಾಯಿತು. ಚಹಾದಂಗಡಿಯ ಕಟ್ಟೆಯ ಮೇಲೆ ಹುಡುಗರು ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೂರತೊಡಗಿದರು. ಹೆಣ್ಣು ನೋಡಲು ಬಂದ ಗಂಡಿಗೆ ಪಗಾರ ಕೇಳುವ ಮೊದಲು ಕುರ್ಚಿ ಎಷ್ಟು ಕೊಟ್ಟಿದೆ ಎಂದು ಕೇಳುವುದು ರೂಢಿಯಾಯಿತು. ಕೂತಲ್ಲಿ ಕಾಲು ಅಲ್ಲಾಡಿಸಿದರೆ ದರಿದ್ರ ಎಂದು ಅಜ್ಜಿಯರು ಅಷ್ಟು ವರ್ಷ ಬೈದದ್ದು ಈಗ ಸರ್ಕಾರಿ ಆದೇಶವೇ ಆಗಿತ್ತು. ಅಜ್ಜಿಯರಿಗೆ ಅದೊಂದು ಗೆಲುವು.

ಈ ಊರಿನಲ್ಲಿ ಕುರ್ಚಿಗೆ ಬಗ್ಗದೆ ಉಳಿದದ್ದು ಕಸ್ತೂರಿ ಶಿಂಪಿಯ ಎರಡು ಕೈಗಳು. ಬೇಕೆಂದಲ್ಲ. ಬಗ್ಗಿಸಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ.

ಕಸ್ತೂರಿಯ ತಂದೆ ತುಳಜಪ್ಪ, ತಾಯಿ ಅನುಸವ್ವ, ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಇಬ್ಬರೂ ಬಟ್ಟೆ ಹೊಲಿದು ಮಗಳನ್ನು ಓದಿಸಿದರು. ತಂದೆ ತೀರಿಕೊಂಡ ಮೇಲೂ ಅನುಸವ್ವನ ಮಷೀನು ನಿಲ್ಲಲಿಲ್ಲ. ಆ ಮನೆಯ ಮಾತೆಲ್ಲ ಕೈಯಲ್ಲಿ, ಹುಬ್ಬಿನಲ್ಲಿ, ಭುಜದಲ್ಲಿ. ಒಬ್ಬರನ್ನೊಬ್ಬರು ಕರೆಯಬೇಕಾದರೆ ದೀಪದ ಸ್ವಿಚ್ಚನ್ನು ಎರಡು ಸಲ ಆರಿಸಿ ಹಚ್ಚಬೇಕು. ಕಸ್ತೂರಿ ನಡೆಯಲು ಕಲಿಯುವ ಮೊದಲೇ ಬೆಳಕು ಮಿಣುಕಿದರೆ ತಿರುಗಿ ನೋಡಲು ಕಲಿತಿದ್ದಳು. ಊಟಕ್ಕೆ ಕೂತರೆ ಏಳಲು ಹೊತ್ತು ಹಿಡಿಯುತ್ತಿತ್ತು. ಕೈಯಲ್ಲಿ ರೊಟ್ಟಿಯಿದ್ದರೆ ಮಾತಿಲ್ಲ, ಮಾತಿದ್ದರೆ ರೊಟ್ಟಿಯಿಲ್ಲ. ಕಸ್ತೂರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು, ಬಾಯಿಯೂ ಬೇಕಾದಷ್ಟಿತ್ತು. ಆದರೆ ಬಾಯಿ ತೆರೆದರೆ ಕೈ ತಾನಾಗಿ ಏಳುತ್ತಿತ್ತು.

ಜಿಲ್ಲೆಯ ತುರ್ತು ಕರೆ ಕೇಂದ್ರದಲ್ಲಿ ಅವಳು ಹಂಗಾಮಿ ನೌಕರಿಯಲ್ಲಿದ್ದಳು. ಅಪಘಾತ, ಬೆಂಕಿ, ಹೆರಿಗೆ, ಏನೇ ಆದರೂ ಜನ ಅಲ್ಲಿಗೆ ಕರೆ ಮಾಡುತ್ತಿದ್ದರು. ಕಿವಿ ಕೇಳದವರು ಎಲ್ಲಿಗೆ ಕರೆ ಮಾಡಬೇಕು ಎಂದು ಮೇಲಿನವರ ಬೆನ್ನು ಬಿದ್ದು, ಕಾಡಿ ಬೇಡಿ, ಕಿಟಕಿಯ ಪಕ್ಕದ ಮೂಲೆಯಲ್ಲಿ ವಿಡಿಯೋ ಕರೆಯ ಮೇಜೊಂದನ್ನು ಅವಳೇ ಹಾಕಿಸಿಕೊಂಡಿದ್ದಳು. ಈಗ ಆ ಮೇಜಿಗೆ ಕಾಯಂ ಹುದ್ದೆ ಮಂಜೂರಾಗಿತ್ತು. ಕುರ್ಚಿಯಲ್ಲಿ ಕೂತು ಪಾಸಾದರೆ ಮೇಜು ಅವಳದು. ಯಾರೂ ಪಾಸಾಗದಿದ್ದರೆ ಹುದ್ದೆ ರದ್ದು, ಮೇಜೂ ಇಲ್ಲ. ಕೈಯಲ್ಲಿ ಮಾತಾಡುವ ಕೆಲಸಕ್ಕೆ ಕೈ ಅಲ್ಲಾಡಿಸದವರೇ ಬೇಕು ಎಂಬುದು ಯಾರಿಗೂ ವಿಚಿತ್ರ ಎನ್ನಿಸಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಕಾಲ ಅದು.

ಮೊದಲ ಸಂದರ್ಶನ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ನಡೆಯಿತು. ಮೂವರ ಸಮಿತಿಗೆ ಸುಲೋಚನಾ ಹಂಚಿನಮನಿ ಎಂಬ ನಿವೃತ್ತ ಅಧಿಕಾರಿ ಅಧ್ಯಕ್ಷರು. ಕಸ್ತೂರಿ ಕೂತಳು. ನೂರು ಮೂಡಿತು. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕರೆಂಟು ಹೋಗಿ ಜನರೇಟರ್ ಹತ್ತಿಕೊಂಡು ಕೋಣೆಯ ಬೆಳಕು ಎರಡು ಸಲ ಮಿಣುಕಿತು. ಬೇರೆ ಯಾರೂ ಗಮನಿಸಲಿಲ್ಲ. ಕಸ್ತೂರಿ ಮಾತ್ರ ಸೊಂಟದಿಂದ ಇಡೀ ಮೈ ತಿರುಗಿಸಿ, ಹುಬ್ಬೆತ್ತಿ, ಬಾಗಿಲ ಪಕ್ಕದ ಸ್ವಿಚ್ಚಿನ ಕಡೆ ಅಂಗೈ ಚಾಚಿ ಏನವ್ವಾ ಎಂದು ಕೇಳಿದಳು. ಅಲ್ಲಿ ಯಾರೂ ಇರಲಿಲ್ಲ.

ಅಂಕಿ ಬಾವಿಗೆ ಬಿದ್ದ ಕೊಡದ ಹಾಗೆ ಇಳಿಯಿತು. ಗಾಬರಿಯಾದ ಕಸ್ತೂರಿ ವಿವರಿಸಲು ಹೋದಳು. ವಿವರಿಸಲು ಕೈ ಬೇಕಾಯಿತು. ಕೈ ಎದ್ದಷ್ಟೂ ಅಂಕ ಇಳಿಯಿತು, ಅಂಕ ಇಳಿದಷ್ಟೂ ಕೈ ಎದ್ದಿತು. ನಲವತ್ತೊಂದಕ್ಕೆ ನಿಂತಿತು. ಪರದೆಯ ಕೆಳಗೆ ಕುರ್ಚಿ ತನ್ನ ಅಭಿಪ್ರಾಯವನ್ನೂ ಬರೆದಿತ್ತು: ಅಸ್ಥಿರ ವ್ಯಕ್ತಿತ್ವ, ಏನನ್ನೋ ಮುಚ್ಚಿಡುತ್ತಿರುವ ಲಕ್ಷಣ.

"ಇನ್ನೊಂದ ಅವಕಾಶ ಐತಿ," ಎಂದರು ಸುಲೋಚನಾ ಮೇಡಂ. ಅವರೇನೂ ಕೆಟ್ಟವರಲ್ಲ. "ಬರೂ ತಿಂಗಳು ಬರ್ರಿ. ಅಷ್ಟರಾಗ ಕೈ ಸ್ವಲ್ಪ ಹಿಡತದಾಗ ಇಟ್ಕೋರಿ."

ಕೆಳಗಿಳಿದು ಬಂದಾಗ ಅಲ್ತಾಫ್ ಚಹಾ ತಂದುಕೊಟ್ಟ. ಕೇಂದ್ರದ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ತಂತ್ರಜ್ಞ ಅವನು. ಮೇಲಿನ ಕುರ್ಚಿಯೂ ಅವನದೇ ಪಾಲು.

"ನಾ ಏನ್ ಮುಚ್ಚಿಟ್ಟೀನೋ ಅಲ್ತಾಫ್? ನನ್ನ ಮೈಯಾಗ ಸುಳ್ಳು ಎಲ್ಲಿ ಕಾಣಸ್ತು ಅದಕ್ಕ?"

"ಅದಕ್ಕ ಖರೆ ಸುಳ್ಳು ಗೊತ್ತಾಗೂದಿಲ್ಲ ಅಕ್ಕಾ. ಮದಲ ದೊಡ್ಡ ದೊಡ್ಡ ಹುದ್ದೆದಾಗ ಇದ್ದವರನ್ನ ಹಿಡ್ಕೊಂಡ್ಬಂದು ಕೂಡ್ರಿಸಿ ಸಾವಿರಾರು ತಾಸು ಚಿತ್ರ ತಗದಾರ. ಅವರು ಹೆಂಗ ಕೂತಾರೋ ಅದ ಅದಕ್ಕ ಧೈರ್ಯ, ಅದ ಪ್ರಾಮಾಣಿಕತನ. ಅವರಂಗ ಇಲ್ಲದ್ದೆಲ್ಲಾ ತಪ್ಪು. ತಪ್ಪು ಕಂಡ್ರ ಕಳೀತೈತಿ. ಅದಕ್ಕ ಬರೂದು ಇಷ್ಟ."

"ಮತ್ತ ಕೂಡಿಸೂದು?"

"ಕೂಡಿಸೂದು ಅದಕ್ಕ ಯಾರೂ ಕಲಿಸಿಲ್ಲ." ಅಲ್ತಾಫ್ ನಕ್ಕ. "ನಾ ದಿನಾ ಮುಂಜಾನೆ ಪರೀಕ್ಷೆ ಮಾಡಾಕ ನನ್ನ ಸಾಮಾನಿನ ಚೀಲ ಅದರ ಮ್ಯಾಲೆ ಇಡ್ತೀನಿ. ಚೀಲಕ್ಕ ನೂರಕ್ಕ ನೂರು. ಮುಖಾನ ಇಲ್ಲಲ್ಲ, ತಪ್ಪು ಎಲ್ಲಿಂದ ಹುಡುಕಬೇಕು? ಒಮ್ಮೆ ನಾ ಕೂತೆ. ಅರವತ್ತೆರಡು."

ಕಸ್ತೂರಿಗೆ ನಗು ಬರಲಿಲ್ಲ. ಅವಳ ಲೆಕ್ಕ ಬೇರೆಯಿತ್ತು. ಒಂದು ಸಲ ಹೇಗಾದರೂ ಪಾಸಾಗಿಬಿಡೋಣ, ಆಮೇಲೆ ನನ್ನ ಕೈ ನನ್ನವು ಎಂದುಕೊಂಡು ಅವತ್ತೇ ಸಂಜೆ ಪ್ರಾಣೇಶ ಮಾಸ್ತರರ ಕ್ಲಾಸಿಗೆ ಹೋಗಿ ಹೆಸರು ಹಚ್ಚಿದಳು.

ಪ್ರಾಣೇಶ ಮಾಸ್ತರ ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ರಾಜನ ಪಾತ್ರ ಮಾಡುತ್ತಿದ್ದವರು. ಕಂಪನಿ ಮುಳುಗಿದ ಮೇಲೆ ಸುಮ್ಮನೆ ಕೂತಿದ್ದರು. ಅಂಗಸಾಕ್ಷಿ ಬಂದು ಅವರಿಗೆ ಮತ್ತೆ ಅನ್ನ ಕೊಟ್ಟಿತ್ತು. ಮಾಳಿಗೆಯ ಮೇಲೆ ಸಾಲಾಗಿ ಕುರ್ಚಿ ಹಾಕಿ ಅಭ್ಯರ್ಥಿಗಳಿಗೆ ಕೂರುವುದನ್ನು ಕಲಿಸುತ್ತಿದ್ದರು.

"ಬಾಗಲಾ ಪೂರ್ತಿ ತಗೀರಿ, ಕಳ್ಳ ಬೆಕ್ಕಿನಂಗ ಸಂದ್ಯಾಗಿಂದ ಇಣಕಬ್ಯಾಡ್ರಿ. ನಮಸ್ಕಾರ ಎದಿ ಮಟ್ಟಕ್ಕ, ಹಣಿ ಮಟ್ಟಕ್ಕ ಅಲ್ಲ, ಅವರೇನು ದೇವರಲ್ಲ. ಕುರ್ಚಿ ತುದಿಗೆ ಕೂಡಬ್ಯಾಡ್ರಿ, ಓಡಿಹೋಗೂ ಹಂಗ ಕಾಣಸ್ತದ. ಬೆನ್ನು ನೆಟ್ಟಗ, ಭುಜಾ ಸಡಲ, ಕೈ ತೊಡಿ ಮ್ಯಾಲೆ. ಹೌದು ಅನ್ನಬೇಕಂದ್ರ ಒಂದ ಸಲ ತಲಿ ಹಾಕ್ರಿ, ಬುಡಬುಡಿಕ್ಯಾರಂಗ ಅಲ್ಲಾಡಸಬ್ಯಾಡ್ರಿ."

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಎದುರಿನವರನ್ನು ನೋಡಿ ಮಾತಾಡು, ಕುಗ್ಗಬೇಡ, ನೆಟ್ಟಗೆ ಕೂರು ಎಂದರೆ ಯಾರಿಗೆ ಕೇಡು? ಎಷ್ಟೋ ಅಂಜುಗುಳಿ ಹುಡುಗರು ಮಾಸ್ತರರ ದಯೆಯಿಂದ ತಲೆಯೆತ್ತಿ ಓಡಾಡುವಂತಾಗಿದ್ದರು. ಆದರೆ ಕಸ್ತೂರಿ ಅಂಜುಗುಳಿಯಲ್ಲ. ಅವಳ ಕೈ ನೋಡಿ ಮಾಸ್ತರರೇ ಅಂಜಿದರು.

"ಈ ಕೈ ನನ್ನ ಕಂಪನಿಯೊಳಗ ಇದ್ದಿದ್ರ ಬಂಗಾರದ ಬಳಿ ಹಾಕಸ್ತಿದ್ದೆ ತಂಗಿ," ಎಂದು ನಿಟ್ಟುಸಿರುಬಿಟ್ಟು, ತಮ್ಮ ಎಲೆಯಡಿಕೆಯ ಚಂಚಿಯಿಂದ ಎರಡು ಗೋಟಡಿಕೆ ತೆಗೆದು ಅವಳ ಎರಡೂ ಮುಂಗೈ ಮೇಲೆ ಇಟ್ಟರು. "ಇವು ಬೀಳಬಾರದು. ಇವನ್ನಿಟ್ಕೊಂಡ ಮಾತಾಡು. ಮನ್ಯಾಗೂ ಮಾಡು."

ಮೊದಮೊದಲು ಅಡಿಕೆ ಒಂದು ಮಾತಿಗೂ ನಿಲ್ಲುತ್ತಿರಲಿಲ್ಲ. ಕಸ್ತೂರಿ ಹಟಗಾತಿ. ಬಳೆ ತೆಗೆದಿಟ್ಟಳು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಗೆಳತಿಯರ ನಡುವೆ ಕೈ ಕಟ್ಟಿಕೊಂಡೇ ಮಾತಾಡಿದಳು. ತಿಂಗಳು ಮುಗಿಯುತ್ತ ಬಂದಂತೆ ಅಡಿಕೆ ಕದಲದೆ ಕೂರತೊಡಗಿದವು. ಮಾಸ್ತರ ಹುಸಿಗುರ್ಚಿಯಲ್ಲಿ ಕೂರಿಸಿ ನೋಡಿ ತೊಂಬತ್ತರ ಮೇಲೆ ಕೊಟ್ಟರು.

ಒಂದು ಸಂಜೆ ಮನೆಯ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ, ಮುಂಗೈ ಮೇಲೆ ಅಡಿಕೆ ಇಟ್ಟುಕೊಂಡು, ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತಿದ್ದಳು. ಬೆಳಕು ಮಿಣುಕಿತು. ಅವ್ವ ಬಂದಿದ್ದಾಳೆ ಎಂದು ಗೊತ್ತಾಯಿತು. ಕಸ್ತೂರಿ ತಿರುಗಲಿಲ್ಲ. ಬೆಳಕು ಮತ್ತೆ ಮಿಣುಕಿತು, ಮತ್ತೆ ಮತ್ತೆ ಮಿಣುಕಿತು. ಕುತ್ತಿಗೆ ಕದಲಲಿಲ್ಲ, ಅಡಿಕೆ ಅಲುಗಲಿಲ್ಲ. ಗೆದ್ದೆ ಎಂದುಕೊಂಡಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವವರು ನನ್ನನ್ನು ಬಂದು ನೋಡಲಿ ಎಂದು ಒಳಗೊಳಗೇ ಬೀಗಿದಳು.

ಅಷ್ಟರಲ್ಲಿ ಹಿಂದಿನಿಂದ ಅನುಸವ್ವ ಓಡಿಬಂದು ಮಗಳ ಭುಜ ಹಿಡಿದು ಗದಗದ ಅಲ್ಲಾಡಿಸಿದಳು. ಅಡಿಕೆ ಉರುಳಿ ಮಷೀನಿನ ಕೆಳಗೆ ಹೋದವು. ತಾಯಿಯ ಮುಖ ಬಿಳಿಚಿಕೊಂಡಿತ್ತು.

"ಏನಾತು ನಿನಗ? ಕಣ್ಣು ಹೋದವೇನು? ಸಿಟ್ಟು ಬಂದದೇನು? ಯಾಕ ಹೊಳ್ಳಿ ನೋಡಲಿಲ್ಲ?" ಅನುಸವ್ವನ ಕೈಗಳು ಒಂದರ ಮೇಲೊಂದು ಕೇಳಿದವು.

ಕಸ್ತೂರಿ ತೊಡೆಯ ಮೇಲಿನ ಕೈ ಎತ್ತದೆ, ಬಾಯಲ್ಲೇ, ತುಟಿ ಓದಲು ಅನುಕೂಲವಾಗುವಂತೆ ನಿಧಾನ ಹೇಳಿದಳು. "ಕಲಿಯಾಕತ್ತೀನಿ ಅವ್ವಾ. ಕೈ ಎತ್ತಬಾರದು. ನೌಕರಿಗೆ."

ಅನುಸವ್ವ ಅವಳ ಬಾಯಿ ನೋಡಿದಳು, ತೊಡೆಯ ಮೇಲಿನ ಕೈ ನೋಡಿದಳು. ಮಗಳ ಎದುರಿಗೆ ನೆಲದ ಮೇಲೆ ಕೂತಳು. ಅವಳ ಕೈ ಎದ್ದವು, ಸಣ್ಣಗೆ, ಪಿಸುಮಾತಿನ ಹಾಗೆ.

"ನಮ್ಮ ಸಾಲ್ಯಾಗ ನಮ್ಮನ್ನ ಕೈ ಮ್ಯಾಲೆ ಕೂಡ್ರಿಸ್ತಿದ್ರು. ಹಿಂಗ, ತೊಡಿ ಕೆಳಗ ಕೈ ಇಟ್ಕೊಂಡು. ಕೈ ಕಟ್ಟಿ ಹಾಕಿದ್ರ ಬಾಯಿ ಬರತೈತಿ ಅಂತ ಅವರ ನಂಬಿಕಿ. ಯಾವಾಕಿ ಕೈ ಎದ್ದಿತೋ ಆಕಿ ಬೆರಳಿಗೆ ಪಟ್ಟಿ ಏಟು. ನಾ ಒಂದ ಶಬ್ದ ಕಲತೆ. ಅದನ್ನ ಅಂದಾಗೆಲ್ಲಾ ಮಂದಿ ನಕ್ರು. ಮತ್ತ ನಾ ಬಾಯಿ ತಗೀಲಿಲ್ಲ."

"ಯಾವ ಶಬ್ದ?" ಕಸ್ತೂರಿಯ ಕೈ ತನಗರಿವಿಲ್ಲದೆ ಕೇಳಿತ್ತು.

ಅನುಸವ್ವ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗಂಟಲಿನ ಆಳದಿಂದ, ಒಡೆದ ದೊಡ್ಡ ದನಿಯಲ್ಲಿ ಹೇಳಿದಳು. "ನಮಸ್ಕಾರ."

ಇಪ್ಪತ್ತೇಳು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಮಗಳು ತಾಯಿಯ ಬಾಯಿಂದ ಒಂದು ಶಬ್ದ ಕೇಳಿದ್ದು ಅದೇ ಮೊದಲು. ಕಸ್ತೂರಿಗೆ ಅಳು ಬಂತು. ಆದರೆ ನೌಕರಿ ಬೇಕಿತ್ತು. ಮರುದಿನ ಮಷೀನಿನ ಕೆಳಗಿಂದ ಅಡಿಕೆ ಹುಡುಕಿ ತೆಗೆದುಕೊಂಡಳು.

ಎರಡನೆಯ ಸಂದರ್ಶನಕ್ಕೆ ಇನ್ನೇನು ವಾರವಿದೆ ಎನ್ನುವಾಗ, ಮಧ್ಯಾಹ್ನ, ಮೂಲೆಯ ಮೇಜಿನ ಪರದೆಯಲ್ಲಿ ಕರೆ ಮಿನುಗಿತು. ಹೊಲದ ಬದುವಿನ ಮೇಲೆ ನಿಂತ ಹೆಂಗಸು. ತಲೆಗೆ ಕಟ್ಟಿದ ಸೆರಗು ಜಾರಿತ್ತು. ಫೋನನ್ನು ಕಲ್ಲಿಗೆ ಆನಿಸಿಟ್ಟು ಎರಡೂ ಕೈಯಲ್ಲಿ ಹೇಳತೊಡಗಿದಳು. ಗಂಡ. ಹಾವು. ಕಾಲು. ಬೇಗ.

"ಯಾವ ಊರು? ಎಲ್ಲಿದ್ದೀರಿ?" ಎಂದಳು ಕಸ್ತೂರಿ.

ಹೆಂಗಸು ಬಿಟ್ಟ ಕಣ್ಣು ಬಿಟ್ಟಹಾಗೆ ನೋಡಿದಳು.

"ಊರು ಹೇಳ್ರಿ, ಊರು," ಎಂದಳು ಕಸ್ತೂರಿ ಮತ್ತೆ. ಯಾಕೆ ಉತ್ತರ ಕೊಡುತ್ತಿಲ್ಲ ಎಂದು ಅವಳಿಗೆ ಅರ್ಥವಾಗಲಿಲ್ಲ. ಅತ್ತ ಹೆಂಗಸಿನ ಮುಖ ಇಳಿದುಹೋಯಿತು. ಇಲ್ಲಿಯೂ ಬಾಯಿ ಇದ್ದವರೇ ಕೂತಿದ್ದಾರೆ, ನನ್ನ ಮಾತು ಬಲ್ಲವರು ಯಾರೂ ಇಲ್ಲ ಎಂದು ಅವಳು ಕರೆ ಕಡಿಯಲು ಬಗ್ಗಿದಳು. ಆಗ ಕಸ್ತೂರಿ ಕೆಳಗೆ ನೋಡಿಕೊಂಡಳು. ಅವಳ ಎರಡೂ ಕೈ ತೊಡೆಯ ಮೇಲೆ, ಮಾಸ್ತರ ಕಲಿಸಿದ ಹಾಗೆ, ಅಚ್ಚುಕಟ್ಟಾಗಿ ಕೂತಿದ್ದವು.

ಎದ್ದು ನಿಂತು ಎರಡೂ ತೋಳು ತಲೆಯ ಮೇಲೆ ಬೀಸಿದಳು. ಹೆಂಗಸಿನ ಬೆರಳು ಅರೆಗಳಿಗೆ ತಡೆಯಿತು. ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಊರು ಸಿಕ್ಕಿತು, ಕಾಲುವೆಯ ಗುರುತು ಸಿಕ್ಕಿತು, ಆಂಬುಲೆನ್ಸ್ ಹೊರಟಿತು. ಕಾಲು ಅಲ್ಲಾಡಿಸಬೇಡಿ, ಬಿಗಿಯಾಗಿ ಕಟ್ಟಬೇಡಿ, ನಾನು ಇಲ್ಲೇ ಇದ್ದೇನೆ ಎಂದು ಗಾಡಿ ಮುಟ್ಟುವವರೆಗೂ ಅವಳ ಕೈ ಹೇಳುತ್ತಲೇ ಇದ್ದವು. ಆ ಮನುಷ್ಯ ಬದುಕಿದ.

ಕಸ್ತೂರಿ ಹೊರಗಿನ ನಲ್ಲಿಯ ಬಳಿ ಹೋಗಿ ಮುಖ ತೊಳೆದುಕೊಂಡಳು. ಅವಳಿಗೆ ಬಂದದ್ದು ಭಯವಲ್ಲ, ಸಿಟ್ಟು. ಕುರ್ಚಿಯ ಮೇಲೆ, ಮಾಸ್ತರರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಕೈಗಳ ಮೇಲೆ.

ಹಿಂದೆಯೇ ಅಲ್ತಾಫ್ ಬಂದ. "ಅಕ್ಕಾ, ನಿನಗ ಹೇಳಬೇಕೋ ಬ್ಯಾಡೋ ಅಂತ ಇದ್ದೆ. ಬರೂ ವರ್ಷದಿಂದ ಕೆಳಗೂ ಅವ ಕುರ್ಚಿ ಹಾಕ್ತಾರಂತ, ಎಲ್ಲಾ ಮೇಜಿಗೂ. ಕೆಲಸ ಮಾಡೂ ಮುಂದನೂ ಅಂಕ ನೋಡತೈತಿ. ಆರ್ಡರ್ ಬಂದೈತಿ."

ಒಂದು ಸಲ ಪಾಸಾಗಿಬಿಡೋಣ ಎಂಬ ಲೆಕ್ಕ ಅಲ್ಲಿಗೆ ಹರಿದುಹೋಯಿತು. ಕಸ್ತೂರಿ ಸೊಂಟದ ಚೀಲದಿಂದ ಎರಡು ಗೋಟಡಿಕೆ ತೆಗೆದು ಅಲ್ತಾಫನ ಅಂಗೈಗೆ ಹಾಕಿದಳು.

"ಮಾಸ್ತರಗ ಕೊಟ್ಟಬಿಡು. ಹಾಕ್ಕೊಳ್ಳಾಕ ಆಗ್ತಾವ."

ಸಂದರ್ಶನದ ದಿನ ಅನುಸವ್ವ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ತಾನೇ ಹೊಲಿದ ಹಳದಿ ಬಟ್ಟೆಚೀಲದಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿ ಮಗಳ ಹೆಗಲಿಗೆ ಹಾಕಿದಳು. ಕಸ್ತೂರಿ ಬಳೆ ತೊಟ್ಟುಕೊಂಡಿದ್ದಳು.

ಮೇಲಿನ ಹಾಲ್‌ನಲ್ಲಿ ಬೇರೆ ಬೇರೆ ಹುದ್ದೆಗಳಿಗೆ ಬಂದ ಅಭ್ಯರ್ಥಿಗಳು ಸಾಲಾಗಿ ಕೂತಿದ್ದರು. ಎಲ್ಲರ ಬೆನ್ನೂ ನೆಟ್ಟಗೆ, ಎಲ್ಲರ ಕೈಯೂ ತೊಡೆಯ ಮೇಲೆ. ಅರ್ಧಕ್ಕರ್ಧ ಜನ ಮಾಸ್ತರರ ಶಿಷ್ಯರೇ. ಅನುಸವ್ವ ಅವರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ತನ್ನ ಶಾಲೆಯ ಬೆಂಚು ನೆನಪಾಗಿರಬೇಕು, ಕೂರದೆ ಗೋಡೆಗೆ ಒರಗಿ ನಿಂತಳು.

ಕಸ್ತೂರಿಯ ಹೆಸರು ಕರೆದರು. ಬಾಗಿಲು ಪೂರ್ತಿ ತೆರೆದು ಒಳಗೆ ಹೋದಳು, ಎದೆಮಟ್ಟಕ್ಕೆ ಕೈ ಮುಗಿದಳು, ಚೀಲವನ್ನು ಬದಿಗಿಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಇಷ್ಟು ಕಲಿತದ್ದನ್ನು ಬಿಡಬೇಕಾದ ಕಾರಣವಿರಲಿಲ್ಲ. ಹೆಸರು, ಓದು, ಅನುಭವ, ಎಲ್ಲ ಕೇಳಿದರು. ಕೈ ಅಲುಗದೆ ಹೇಳಿದಳು. ಅಂಕಿ ತೊಂಬತ್ತಾರರಲ್ಲಿ ನಿಂತಿತ್ತು. ಸುಲೋಚನಾ ಮೇಡಂ ಮುಖ ಅರಳಿತು.

"ಭಾಳ ಸುಧಾರಿಸೀರಿ. ಕೊನೇ ಪ್ರಶ್ನೆ. ಕಿವಿ ಕೇಳದವರು ಆಪತ್ತಿನಾಗ ಕರೆ ಮಾಡಿದ್ರ ನೀವು ಹೆಂಗ ಧೈರ್ಯ ಹೇಳ್ತೀರಿ?"

"ಅದಕ್ಕ ಕೈ ಬೇಕ್ರೀ ಮೇಡಂ."

"ಬಾಯಾಗ ವಿವರಿಸ್ರಿ. ಸಾಕು."

"ಬಾಯಾಗ ಹೇಳಿದ್ರ ಅವರಿಗೆ ಕೇಳೂದಿಲ್ರೀ. ಕೈ ಎತ್ತಿದ್ರ ಇದು ಅಂಕ ಕಳೀತೈತಿ. ನಾ ಯಾರಿಗೆ ಉತ್ತರ ಕೊಡಲಿ, ಅವರಿಗೋ, ಈ ಕುರ್ಚಿಗೋ?"

"ನಿಯಮ ನಾವು ಮಾಡಿದ್ದಲ್ಲವ್ವಾ. ಇಲ್ಲೀತನಾ ಬಂದೀ, ತೊಂಬತ್ತಾರು ಐತಿ. ಒಂದ್ನಿಮಿಷ ತಡ್ಕೋ, ನೌಕರಿ ನಿಂದು." ಮೇಡಂ ತಮಗೇ ಗೊತ್ತಾಗದಂತೆ ತಾಯಿಯೊಬ್ಬಳ ದನಿಯಲ್ಲಿ ಬೇಡಿಕೊಂಡರು.

ಕಸ್ತೂರಿಗೆ ಆ ದನಿ ಮುಟ್ಟಿತು. ಒಂದು ಕ್ಷಣ ಮೇಜು ಕಣ್ಣ ಮುಂದೆ ಬಂತು, ಮೂಲೆಯ ಕಿಟಕಿ ಬಂತು. ಬದುವಿನ ಮೇಲೆ ನಿಂತ ಹೆಂಗಸೂ ಬಂದಳು, ಫೋನಿನ ಕಡೆ ಬಗ್ಗಿದವಳು. ಅವಳು ಎದ್ದಳು. ಹಳದಿ ಚೀಲವನ್ನು ಎತ್ತಿ ಕುರ್ಚಿಯ ನಡುವೆ ಇಟ್ಟು ಪಕ್ಕಕ್ಕೆ ಸರಿದಳು.

ಪರದೆಯ ಮೇಲಿನ ತೊಂಬತ್ತಾರು ಅಳಿಸಿಹೋಯಿತು. ಹೊಸದಾಗಿ ನೂರು ಮೂಡಿತು.

"ಏನಿದು?" ಸಮಿತಿಯ ಇನ್ನೊಬ್ಬರು ಎದ್ದು ನಿಂತರು.

"ಅಭ್ಯರ್ಥಿ ರೀ. ನೀವು ಕೇಳ್ರಿ, ನಾ ಈ ಕಡೆ ಇರ್ತೀನಿ. ಅದು ಕಾಲು ಅಲ್ಲಾಡಸೂದಿಲ್ಲ, ಮೂಗು ಮುಟ್ಕೊಳ್ಳೂದಿಲ್ಲ, ಬೆವರೂದಿಲ್ಲ. ಯಾರರ ಸಾಯಾಕತ್ತೀನಿ ಅಂತ ಫೋನ್ ಮಾಡಿದ್ರ ಹುಬ್ಬು ಸುದ್ದಾ ಏರಸೂದಿಲ್ಲ. ನಿಮಗ ಬೇಕಾದವರು ಸಿಕ್ಕಾರ." ನಂತರ ಸುಲೋಚನಾ ಮೇಡಂ ಕಡೆ ತಿರುಗಿದಳು. "ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರ ಕೊಡ್ತೀನ್ರೀ."

ಕೊಟ್ಟಳು. ಬಾಯಿ ಮುಚ್ಚಿ, ಎರಡೂ ಕೈಯಲ್ಲಿ, ಹುಬ್ಬಿನಲ್ಲಿ, ಭುಜದಲ್ಲಿ, ಇಡೀ ಮೈಯಲ್ಲಿ ಕೊಟ್ಟಳು. ಬಳೆ ಗಲಗಲ ಎಂದವು. ನಾನಿದ್ದೇನೆ, ನಿನ್ನ ಮಾತು ನನಗೆ ತಿಳಿಯಿತು, ಗಾಡಿ ಹೊರಟಿದೆ, ನನ್ನನ್ನೇ ನೋಡುತ್ತಿರು. ಸಮಿತಿಯ ಮೂವರಲ್ಲಿ ಯಾರಿಗೂ ಕೈಮಾತು ಬರುತ್ತಿರಲಿಲ್ಲ. ಆದರೂ ಎದ್ದು ನಿಂತವರು ಕೂತರು. ಮೇಡಂ ಪರದೆ ನೋಡುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು.

ಹೊರಗಿನ ಹಾಲ್‌ನಲ್ಲಿ ಅಂಕಿ ಕಂಡವರಿಗೆ ತಲೆಬುಡ ತಿಳಿಯಲಿಲ್ಲ. ನೂರು ಎಂಬುದನ್ನು ಅವರು ಇಲ್ಲಿಯವರೆಗೆ ಕಂಡದ್ದು ಕೂತ ಮೊದಲ ಕ್ಷಣದಲ್ಲಿ ಮಾತ್ರ. ಅದು ಇಳಿಯದೆ ನಿಂತಿತ್ತು. ಯಾರೋ ಎದ್ದು ಅರೆತೆರೆದ ಬಾಗಿಲಲ್ಲಿ ಇಣುಕಿದರು. "ಚೀಲಾ!" ಎಂದರು. ಸಾಲಿನ ಉದ್ದಕ್ಕೂ ಆ ಮಾತು ಹರಿಯಿತು. ಮೊದಲು ಒಬ್ಬಳು ಕಿಸಕ್ಕನೆ ನಕ್ಕಳು, ಆಮೇಲೆ ನೆಟ್ಟಗಿದ್ದ ಬೆನ್ನುಗಳೆಲ್ಲ ಒಂದೊಂದಾಗಿ ಬಾಗಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದವು.

ಆಗ ಕೋಣೆಯ ಬೆಳಕು ಎರಡು ಸಲ ಮಿಣುಕಿತು.

ಈ ಸಲ ಕರೆಂಟು ಹೋಗಿರಲಿಲ್ಲ. ಬಾಗಿಲ ಪಕ್ಕದ ಸ್ವಿಚ್ಚಿನ ಮೇಲೆ ಕೈಯಿಟ್ಟು ಅನುಸವ್ವ ನಿಂತಿದ್ದಳು. ಕಸ್ತೂರಿ ಸೊಂಟದಿಂದ ಇಡೀ ಮೈ ತಿರುಗಿಸಿ, ಹುಬ್ಬೆತ್ತಿ, ಅಂಗೈ ಚಾಚಿ ಏನವ್ವಾ ಎಂದು ಕೇಳಿದಳು. ಮೇಡಂ ತಿರುಗಿದರು, ಸಮಿತಿಯವರು ತಿರುಗಿದರು. ಕುರ್ಚಿಯ ಮೇಲಿನ ಚೀಲ ಮಾತ್ರ ತಿರುಗಲಿಲ್ಲ, ಅದರ ನೂರು ಹಾಗೆಯೇ ಉಳಿಯಿತು.

"ಊಟದ ಹೊತ್ತಾತು," ಎಂದವು ಅನುಸವ್ವನ ಕೈ. "ರೊಟ್ಟಿ ಚೀಲ ಅಲ್ಲಿ ಯಾಕ ಇಟ್ಟಿ? ತಗೊಂಡ್ ಬಾ."

ಕಸ್ತೂರಿ ನಗು ತಡೆಯದೆ ಅದನ್ನು ಬಾಯಲ್ಲಿ ಸಮಿತಿಗೆ ತಿಳಿಸಿದಳು. "ನಮ್ಮವ್ವ ರೊಟ್ಟಿ ಚೀಲ ಕೇಳಾಕತ್ತಾಳ್ರೀ. ಇದಕ್ಕ ನಿಮ್ಮ ನೌಕರಿ ಬ್ಯಾಡಂತ." ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

ಅನುಸವ್ವ ಹೊರಡಲು ತಿರುಗಿದವಳು ನಿಂತಳು. ಕೋಣೆಯನ್ನೂ ಕುರ್ಚಿಯನ್ನೂ ಸಮಿತಿಯ ಮೂವರನ್ನೂ ದಿಟ್ಟಿಸಿದಳು. ಎರಡೂ ಕೈ ಜೋಡಿಸಿ, ಹಾಲ್‌ಗೆಲ್ಲ ಕೇಳುವಂತೆ, ಒಡೆದ ದೊಡ್ಡ ದನಿಯಲ್ಲಿ ಹೇಳಿದಳು.

"ನಮಸ್ಕಾರ."

ಯಾರೂ ನಗಲಿಲ್ಲ. ಸುಲೋಚನಾ ಮೇಡಂ ಎದ್ದು ನಿಂತು ಕೈ ಮುಗಿದರು, ಹಣೆಮಟ್ಟಕ್ಕೆ.

ಮುಂದಿನ ಅಭ್ಯರ್ಥಿ ಒಳಗೆ ಬರುವಾಗ ತನ್ನ ಹೆಗಲಿನ ಚೀಲವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದ. ಅವನ ಹಿಂದಿನವಳೂ ಹಾಗೆಯೇ. ಅವತ್ತು ಸಂಜೆಯವರೆಗೆ ಕುರ್ಚಿ ಚೀಲ, ಕೊಡೆ, ಹೆಲ್ಮೆಟ್ಟುಗಳ ಸಂದರ್ಶನ ಮಾಡಿತು, ಎಲ್ಲಕ್ಕೂ ನೂರಕ್ಕೆ ನೂರು ಕೊಟ್ಟಿತು. ಎಲ್ಲರಿಗೂ ಒಂದೇ ಅಂಕ ಬಂದರೆ ಯಾರನ್ನು ಆರಿಸುವುದು? ಫಲಿತಾಂಶ ತಡೆಹಿಡಿದಿದ್ದೇವೆ, ಮುಂದಿನ ಆದೇಶದವರೆಗೆ ಹಂಗಾಮಿ ನೌಕರರೇ ಮುಂದುವರಿಯತಕ್ಕದ್ದು ಎಂದು ಮೇಡಂ ರುಜು ಹಾಕಿದರು. ಆ ಮುಂದಿನ ಆದೇಶ ಇನ್ನೂ ಬಂದಿಲ್ಲ. ಬರಬಹುದು. ಬಂದರೆ ಅತ್ತಿಹಾಳದಲ್ಲಿ ಚೀಲಗಳಿಗೇನೂ ಬರವಿಲ್ಲ.

ಅದೆಲ್ಲ ಆಮೇಲಿನ ಮಾತು. ಆಗ ಮಾತ್ರ ತಾಯಿ ಮಗಳು ಕಟ್ಟಡದ ಮೆಟ್ಟಿಲ ಮೇಲೆ, ಹೋಗುವವರಿಗೆ ದಾರಿ ಬಿಡದೆ, ಹೇಗೆ ಬೇಕೋ ಹಾಗೆ ಕೂತು ರೊಟ್ಟಿ ಬಿಚ್ಚಿದರು.

"ಎಷ್ಟು ಬಂತು?" ಎಂದು ಕೇಳಿದಳು ಅನುಸವ್ವ.

"ನಿನ್ನ ರೊಟ್ಟಿ ಚೀಲಕ್ಕ ನೂರು."

"ಮತ್ತ ನಿನಗ?"

ಕಸ್ತೂರಿಯ ಬಲಗೈಯಲ್ಲಿ ರೊಟ್ಟಿಯ ತುತ್ತಿತ್ತು, ಎಣ್ಣೆಗಾಯಿಯ ರಸ ಮಣಿಕಟ್ಟಿಗೆ ಇಳಿಯುತ್ತಿತ್ತು. ಅವಳು ತುತ್ತನ್ನು ಕೆಳಗಿಟ್ಟು ಎರಡೂ ಕೈ ಖಾಲಿ ಮಾಡಿಕೊಂಡು ಹೇಳತೊಡಗಿದಳು. ಹೇಳಿ ಮುಗಿಯುವಷ್ಟರಲ್ಲಿ ರೊಟ್ಟಿ ಒಣಗಿ ಕಟಕಟ ಅನ್ನುವಂತಾಗಿತ್ತು.